‘ಸ್ಕೇಟಿಂಗ್ ಆನ್ ಥಿನ್ ಐಸ್’: ಬರ್ಫದ ಮೇಲೆ ಎಂದೂ ನಿಲ್ಲದವರು ಈ ಇಂಗ್ಲಿಷ್ ನುಡಿಗಟ್ಟನ್ನು ಬಳಸುವ ಬಗೆ

ಹುಬ್ಬಳ್ಳಿಯ ಕಚೇರಿಯೊಂದಕ್ಕೆ ಹೊರದೇಶದ ಗ್ರಾಹಕರಿಂದ ಒಂದು ಸಾಲಿನ ಮೇಲ್ ಬರುತ್ತದೆ: “ಯು ಆರ್ ಆನ್ ಥಿನ್ ಐಸ್ ವಿತ್ ಅಸ್.” ಒಂದೊಂದು ಶಬ್ದವೂ ಗೊತ್ತು, ಇಡೀ ವಾಕ್ಯ ಮಾತ್ರ ಕೈಗೆ ಹತ್ತುವುದಿಲ್ಲ. ಬೈದರೋ, ಹೆದರಿಸಿದರೋ, ಕೆಲಸ ಹೋಯಿತೋ? ನಿಘಂಟು ತೆಗೆದರೆ ‘ಅಪಾಯದಲ್ಲಿರುವುದು’ ಎಂದಿರುತ್ತದೆ. ತಪ್ಪಲ್ಲ, ಆದರೆ ಸಾಲದು. ಅಪಾಯದ ಮೇಲೆ ಇಂಗ್ಲಿಷಿನಲ್ಲಿ ಇಪ್ಪತ್ತು ನುಡಿಗಟ್ಟುಗಳಿವೆ. ಎಲ್ಲಕ್ಕೂ ಅದೇ ಅರ್ಥ ಬರೆದುಕೊಂಡವರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಎಡವುತ್ತಾರೆ.

ಈ ನುಡಿಗಟ್ಟಿನ ಅಪಾಯಕ್ಕೆ ಒಂದು ವಿಶೇಷ ಉಂಟು. ಇಲ್ಲಿ ಕಚ್ಚುವ ಹಾವಿಲ್ಲ, ಸುಡುವ ಬೆಂಕಿಯಿಲ್ಲ, ಎದುರಾಳಿ ಅಂತ ಯಾರೂ ಇಲ್ಲ. ನಿಮ್ಮನ್ನು ಹೊತ್ತು ನಿಂತ ನೆಲವೇ ತೆಳ್ಳಗಾಗಿದೆ, ಅಷ್ಟೇ. ಇದನ್ನು ಹಿಡಿದುಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು.

ಹಂತ 1: ಮೊದಲು ಚಿತ್ರ ಸರಿಮಾಡಿಕೊಳ್ಳಿ

ನಮ್ಮ ಕಡೆ ಬರ್ಫ ಅಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಟ್ಟು ಸುತ್ತಿ ಇಟ್ಟ ಗಡ್ಡೆ. ಅದನ್ನು ಒಡೆದು ಗ್ಲಾಸಿಗೆ ಹಾಕುತ್ತಾರೆ. ಅದರ ಮೇಲೆ ಮನುಷ್ಯ ನಿಲ್ಲುವ ವಿಚಾರ ಕನಸಿನಲ್ಲೂ ಬರುವುದಿಲ್ಲ. ಸ್ಕೇಟಿಂಗ್ ಅಂದರೆ ಬೂಟಿಗೆ ಗಾಲಿ ಕಟ್ಟಿಕೊಂಡ ಮಕ್ಕಳು ಸಿಮೆಂಟ್ ನೆಲದ ಮೇಲೆ ಸುತ್ತು ಹೊಡೆಯುವುದು. ಈ ಎರಡನ್ನೂ ಕೂಡಿಸಿದರೆ ‘ಜಾರಿ ಬೀಳುವ ಭಯ’ ಎಂಬ ಅರ್ಥ ಹುಟ್ಟುತ್ತದೆ. ತಪ್ಪು ಶುರುವಾಗುವುದು ಇಲ್ಲಿಂದಲೇ. ನುಡಿಗಟ್ಟಿನ ಭಯ ಜಾರುವುದರದ್ದಲ್ಲ, ಒಳಗೆ ಬೀಳುವುದರದ್ದು.

ನಿಜವಾದ ಚಿತ್ರ ಹೀಗಿದೆ. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಹಲವು ದಿನ ನಿಲ್ಲುವ ದೇಶಗಳಲ್ಲಿ ಕೆರೆಯ ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ಗಟ್ಟಿಯಾದ ಮೇಲೆ ಇನ್ನೂ ಹಗುರಾಗಿ ತೇಲುತ್ತದೆ. ಹಾಗಾಗಿ ಮೇಲೆ ಗಟ್ಟಿ ಹೊದಿಕೆ, ಕೆಳಗೆ ಆಳವಾದ ನೀರು. ಕಾಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಬೂಟಿನ ತಳಕ್ಕೆ ಉಕ್ಕಿನ ಅಲಗು ಕಟ್ಟಿಕೊಂಡ ಜನ ಈ ಹೊದಿಕೆಯ ಮೇಲೆ ಜಾರುತ್ತ ಹೋಗುತ್ತಾರೆ.

ಹೊಸದಾಗಿ ಕಟ್ಟಿದ ಪಾರದರ್ಶಕ ಬರ್ಫ ಕನಿಷ್ಠ 4 ಇಂಚು ದಪ್ಪ ಇಲ್ಲದಿದ್ದರೆ ಅದರ ಮೇಲೆ ಕಾಲಿಡಬೇಡಿ ಎಂಬುದು ಅಮೆರಿಕದ ಮಿನ್ನೆಸೋಟಾದಂಥ ಚಳಿ ಸೀಮೆಗಳಲ್ಲಿ ಜನರಿಗೆ ಕೊಡುವ ಸೂಚನೆ. ಬೆಳ್ಳಗೆ ಮಬ್ಬಾಗಿದ್ದರೆ ಅದರ ಎರಡು ಪಟ್ಟು ದಪ್ಪ ಬೇಕು. ತೊಡಕೆಂದರೆ, ಮೇಲಿನಿಂದ ನೋಡಿದರೆ ಎರಡಿಂಚೋ ಆರಿಂಚೋ ತಿಳಿಯುವುದಿಲ್ಲ. ಒಂದೇ ಕೆರೆಯಲ್ಲೂ ದಪ್ಪ ಒಂದೇ ಸಮ ಇರುವುದಿಲ್ಲ. ಹಳ್ಳ ಬಂದು ಸೇರುವ ಕಡೆ, ಬುಗ್ಗೆಯ ಮೇಲೆ, ಹಿಮ ಹೊದ್ದ ಕಡೆ ತೆಳ್ಳಗಿರಬಹುದು. ಹಿಮದ ರಾಶಿ ಕಂಬಳಿಯಂತೆ ಚಳಿಯನ್ನು ತಡೆದು ಕೆಳಗಿನ ನೀರನ್ನು ಬೇಗ ಹೆಪ್ಪುಗಟ್ಟಗೊಡುವುದಿಲ್ಲ.

ಉಣಕಲ್ ಕೆರೆಯಲ್ಲಾಗಲಿ ಸಾಧನಕೇರಿಯಲ್ಲಾಗಲಿ ಇದನ್ನು ತೋರಿಸಲಾಗದು. ಆದರೆ ನವಲಗುಂದ, ನರಗುಂದ, ರೋಣದ ಎರಿ ಹೊಲ ಕಂಡವರಿಗೆ ಬೇರೆ ಪಾಠ ಬೇಕಿಲ್ಲ. ದೊಡ್ಡ ಮಳೆಯಾಗಿ ನಾಲ್ಕು ದಿನ ಬಿಸಿಲು ಬಿದ್ದರೆ ಹೊಲದ ಮೈ ಒಣಗಿ ಬಿಳಿಚಿಕೊಳ್ಳುತ್ತದೆ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಬದುವಿನ ಮೇಲೆ ನಿಂತವನಿಗೆ ಹದ ಬಂದಂತೆಯೇ ಕಾಣಬೇಕು. ತಿಳಿದ ರೈತ ನಾಲ್ಕು ಹೆಜ್ಜೆ ಒಳಗೆ ಹೋಗಿ ಹಿಮ್ಮಡಿ ಊರಿ ನೋಡುತ್ತಾನೆ. ಮೇಲಿನ ಹಕ್ಕಳೆ ಒಡೆದು ಹಿಮ್ಮಡಿ ಒಳಗೆ ಇಳಿದರೆ, ಕಿತ್ತ ಕಾಲಿಗೆ ಕರಿ ಜಿಗಟು ಮೆತ್ತಿಕೊಂಡು ಬಂದರೆ, ಸುಮ್ಮನೆ ಮನೆಗೆ ಬರುತ್ತಾನೆ. ಗಡಿಬಿಡಿಯವನು ಟ್ರ್ಯಾಕ್ಟರ್ ಇಳಿಸುತ್ತಾನೆ. ಮೊದಲ ಇಪ್ಪತ್ತು ಮಾರು ಏನೂ ಆಗುವುದಿಲ್ಲ. ಹಿಂದಿನ ಗಾಲಿ ಹೂತುಹೋಗುವುದು ಹೊಲದ ನಟ್ಟನಡುವೆ. ಆ ಮೊದಲ ಇಪ್ಪತ್ತು ಮಾರಿನಲ್ಲಿ ಅವನು ಇರುವ ಸ್ಥಿತಿಯೇ ‘ಆನ್ ಥಿನ್ ಐಸ್’.

ಹಂತ 2: ಮೂರು ಪ್ರಶ್ನೆ ಕೇಳಿ

ಈ ನುಡಿಗಟ್ಟು ಎಲ್ಲೇ ಕಂಡರೂ, ನೀವೇ ಬಳಸುವ ಮೊದಲೂ, ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಬರ್ಫ ಯಾವುದು, ಅಂದರೆ ಆ ಮನುಷ್ಯನನ್ನು ಇಲ್ಲಿಯವರೆಗೆ ಹೊತ್ತು ನಿಂತದ್ದು ಏನು? ಅದು ಎಷ್ಟು ತೆಳ್ಳಗಾಗಿದೆ, ಯಾತರಿಂದ? ಕೆಳಗಿನ ನೀರು ಯಾವುದು, ಒಡೆದರೆ ಎಲ್ಲಿಗೆ ಬೀಳುತ್ತಾನೆ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊರದೇಶಕ್ಕೆ ಮಾಲು ಕಳಿಸುತ್ತಾರೆ ಎಂದುಕೊಳ್ಳಿ. ಎರಡು ಸಲ ಮಾಲಿನಲ್ಲಿ ತೇವ ಹೆಚ್ಚಾಗಿ ಚೀಲಗಳಲ್ಲಿ ಬೂಸ್ಟು ಕಂಡಿದೆ. ಮೂರನೆಯ ಆರ್ಡರಿನ ಜತೆ ಆ ಸಾಲು ಬಂದಿದೆ: “ಯು ಆರ್ ಆನ್ ಥಿನ್ ಐಸ್ ವಿತ್ ಅಸ್.” ಬರ್ಫ ಅಂದರೆ ಕೊಳ್ಳುವವರ ನಂಬಿಕೆ. ತೆಳ್ಳಗಾದದ್ದು ಎರಡು ಕೆಟ್ಟ ಕಂತುಗಳಿಂದ. ಕೆಳಗಿನ ನೀರು ಅಂದರೆ ವ್ಯವಹಾರ ಮುರಿಯುವುದು. ಉತ್ತರ ಹೊಂದಿತು, ಮೂರನೆಯ ಆರ್ಡರ್ ಇನ್ನೂ ಕೈಯಲ್ಲಿದೆ. ಅಂದರೆ ಇದು ಎಚ್ಚರಿಕೆ. ಬೈಗುಳವಲ್ಲ, ಸಂಬಂಧ ಕಡಿದ ಪತ್ರವೂ ಅಲ್ಲ.

ಇದಕ್ಕೆ “ಡೋಂಟ್ ಥ್ರೆಟನ್ ಅಸ್” ಎಂದು ಬರೆದರೆ ಉಳಿದ ಬರ್ಫವನ್ನೂ ನೀವೇ ಒಡೆದ ಹಾಗೆ. ಅದೇ ನುಡಿಗಟ್ಟನ್ನು ಎತ್ತಿಕೊಂಡು ಒಪ್ಪಿಬಿಡುವುದು ಚಲೋ: “ವಿ ಅಂಡರ್‌ಸ್ಟ್ಯಾಂಡ್ ವಿ ಆರ್ ಆನ್ ಥಿನ್ ಐಸ್. ದಿ ನೆಕ್ಸ್ಟ್ ಲಾಟ್ ವಿಲ್ ಬಿ ಟೆಸ್ಟೆಡ್ ಫಾರ್ ಮಾಯಿಶ್ಚರ್ ಬಿಫೋರ್ ಲೋಡಿಂಗ್.” ಎರಡೇ ವಾಕ್ಯ. ಮೊದಲನೆಯದರಲ್ಲಿ ಅರ್ಥವಾಗಿದೆ ಎಂಬ ಸೂಚನೆ, ಎರಡನೆಯದರಲ್ಲಿ ಬರ್ಫ ದಪ್ಪ ಮಾಡುವ ಕೆಲಸ.

ಮೂರು ಪ್ರಶ್ನೆಯಲ್ಲಿ ಯಾವುದಾದರೊಂದಕ್ಕೆ ಉತ್ತರ ಸಿಗದಿದ್ದರೆ ನುಡಿಗಟ್ಟು ಅಲ್ಲಿ ಕೂರುವುದಿಲ್ಲ. ಬೀದಿನಾಯಿ ಬೆನ್ನು ಹತ್ತಿದವನು ಅಪಾಯದಲ್ಲಿದ್ದಾನೆ ನಿಜ, ಆದರೆ ಅವನನ್ನು ಹೊತ್ತು ನಿಂತು ತೆಳ್ಳಗಾದದ್ದು ಏನೂ ಇಲ್ಲ. ಅವನು ಥಿನ್ ಐಸ್ ಮೇಲಿಲ್ಲ. ಓಡುತ್ತಿದ್ದಾನೆ.

ಹಂತ 3: ಕಾಲ ನೋಡಿ

ಒಡೆದ ಬರ್ಫ ಥಿನ್ ಐಸ್ ಅಲ್ಲ. ಈ ನುಡಿಗಟ್ಟಿನ ಜೀವ ಇರುವುದು ‘ಇನ್ನೂ ಏನೂ ಆಗಿಲ್ಲ’ ಎಂಬುದರಲ್ಲಿ. ಕೆಲಸದಿಂದ ನಿನ್ನೆ ತೆಗೆದುಹಾಕಿದವನ ಬಗ್ಗೆ ಇವತ್ತು “ಹಿ ಈಸ್ ಆನ್ ಥಿನ್ ಐಸ್” ಎನ್ನುವಂತಿಲ್ಲ, ಅವನು ಆಗಲೇ ನೀರಿನಲ್ಲಿದ್ದಾನೆ. ಹಿಂದಿನದನ್ನು ಹೇಳಬೇಕಾದರೆ “ಹಿ ಹ್ಯಾಡ್ ಬೀನ್ ಆನ್ ಥಿನ್ ಐಸ್ ಫಾರ್ ಮಂತ್ಸ್” ಎನ್ನಿ: ತಿಂಗಳುಗಟ್ಟಲೆ ಅವನ ಕೆಲಸ ಅಲುಗಾಡುತ್ತಲೇ ಇತ್ತು, ಕೊನೆಗೆ ಹೋಯಿತು.

ಇಲ್ಲೊಂದು ಹಳೆಯ ಚಟ ಅಡ್ಡ ಬರುತ್ತದೆ. ‘ಎರಡು ತಿಂಗಳಿಂದ’ ಎಂಬುದನ್ನು ನಾವು “ಸಿನ್ಸ್ ಟು ಮಂತ್ಸ್” ಎಂದುಬಿಡುತ್ತೇವೆ. ಅವಧಿಗೆ ‘ಫಾರ್’, ಶುರುವಾದ ದಿನಕ್ಕೆ ‘ಸಿನ್ಸ್’. “ಫಾರ್ ಟು ಮಂತ್ಸ್”, “ಸಿನ್ಸ್ ಯುಗಾದಿ”.

ಮುಂದಿನದಕ್ಕೆ ‘ಇಫ್’ ಜತೆ ಹೋಗುತ್ತದೆ: “ಯು ವಿಲ್ ಬಿ ಆನ್ ಥಿನ್ ಐಸ್ ಇಫ್ ಯು ಮಿಸ್ ಒನ್ ಮೋರ್ ಡೆಡ್‌ಲೈನ್.” ‘ಸ್ಕೇಟ್’ ಸೇರಿಸಿ ಹೇಳುವಾಗ ಹೆಚ್ಚಾಗಿ ನಡೆಯುತ್ತಿರುವ ಕಾಲ: “ಹಿ ಈಸ್ ಸ್ಕೇಟಿಂಗ್ ಆನ್ ಥಿನ್ ಐಸ್.” ಎಲ್ಲದಕ್ಕೂ ‘ಇಂಗ್’ ಹಚ್ಚುತ್ತೀರಿ ಎಂದು ಇಂಗ್ಲಿಷ್ ಮೇಷ್ಟ್ರ ಕಡೆ ಬೈಸಿಕೊಂಡವರಿಗೆ ಇದೊಂದು ಸಮಾಧಾನ. ಇಲ್ಲಿ ಹಚ್ಚಿದರೇ ಸರಿ.

ಹಂತ 4: ಬಿಡಿಭಾಗಗಳನ್ನು ಜೋಡಿಸಿ

ನಡುವಿನ ಮೂರು ಶಬ್ದ, ‘ಆನ್ ಥಿನ್ ಐಸ್’, ಕಲ್ಲಿನಲ್ಲಿ ಕೊರೆದಂತೆ. ಹಿಂದೆ ಮುಂದೆ ಬರುವವು ಬದಲಾಗುತ್ತವೆ.

ಹಿಂದೆ ಬರುವ ಕ್ರಿಯಾಪದ ನಾಲ್ಕರಲ್ಲಿ ಒಂದಾದರೆ ಸಾಕು. ‘ಬಿ’, ಅಂದರೆ ಈಸ್, ಆರ್, ವಾಸ್, ಬರೀ ಸ್ಥಿತಿ ಹೇಳುತ್ತದೆ. ‘ಸ್ಕೇಟ್’ ಬಂದರೆ ತಿಳಿದೂ ಧೈರ್ಯ ಮಾಡುತ್ತಿದ್ದಾನೆ ಎಂಬ ಛಾಯೆ ಸೇರುತ್ತದೆ. ‘ಟ್ರೆಡ್’, ‘ವಾಕ್’ ಕೂಡ ನಡೆಯುತ್ತವೆ, ಅವುಗಳಲ್ಲಿ ಆ ಉಡಾಫೆ ಕಡಿಮೆ. ‘ಸ್ಟ್ಯಾಂಡ್’ ಅಪರೂಪ. ‘ಫಾಲ್’ ಬೇಡವೇ ಬೇಡ.

ನಡುವೆ ‘ಎ’ ತೂರಿಸಬೇಡಿ. “ಆನ್ ಎ ಥಿನ್ ಐಸ್” ಎಂಬುದು ನಮ್ಮ ಕಡೆ ಕೇಳಿಬರುವ ತಪ್ಪುಗಳಲ್ಲಿ ಮೊದಲನೆಯದು. ನೀರು, ಹಾಲು, ಹಿಟ್ಟಿನಂತೆ ‘ಐಸ್’ ಕೂಡ ಎಣಿಸಲು ಬಾರದ ವಸ್ತು. ‘ದಿ’ ಹಚ್ಚಿದರೆ ನುಡಿಗಟ್ಟು ಕರಗಿ ನಿಜವಾದ ಬರ್ಫ ಕಣ್ಣೆದುರು ಬರುತ್ತದೆ. ‘ಐಸಸ್’ ಎಂಬ ಬಹುವಚನ ಇಲ್ಲಿ ನಡೆಯದು. ‘ಇನ್ ಥಿನ್ ಐಸ್’ ಎಂದರೆ ಬರ್ಫದೊಳಗೆ ಹುದುಗಿಸಿಟ್ಟ ಮೀನಿನ ಚಿತ್ರ. ‘ಥಿನ್’ ಬದಲು ‘ಸ್ಲಿಮ್’ ಅಥವಾ ‘ವೀಕ್’ ಹಾಕಿದರೆ ಅರ್ಥ ತಿಳಿದೀತು, ನುಡಿಗಟ್ಟು ಸತ್ತುಹೋಗುತ್ತದೆ. ‘ಥಿನ್’ ಹಿಂದೆ ‘ವೆರಿ’, ‘ಪ್ರಿಟಿ’, ‘ಇನ್‌ಕ್ರೀಸಿಂಗ್ಲಿ’ ಸೇರಿಸಬಹುದು.

ಮುಂದೆ ಬರುವುದರಲ್ಲಿ ಎರಡು ನೆನಪಿರಲಿ. ಯಾರ ತಾಳ್ಮೆ ತೀರುತ್ತಿದೆಯೋ ಅವರಿಗೆ ‘ವಿತ್’: “ಆನ್ ಥಿನ್ ಐಸ್ ವಿತ್ ದಿ ಮ್ಯಾನೇಜರ್.” ಯಾವ ಕೆಲಸದಿಂದ ತೆಳ್ಳಗಾಯಿತೋ ಅದಕ್ಕೆ ‘ಬೈ’ ಮತ್ತು ‘ಇಂಗ್’: “ಯು ಆರ್ ಸ್ಕೇಟಿಂಗ್ ಆನ್ ಥಿನ್ ಐಸ್ ಬೈ ಸೈನಿಂಗ್ ಪೇಪರ್ಸ್ ಯು ಹ್ಯಾವ್ ನಾಟ್ ರೆಡ್.” ಯಾವ ವಿಷಯದಲ್ಲಿ ಎಂಬುದನ್ನು ವಾಕ್ಯದ ತಲೆಯಲ್ಲೇ ಒಂದು ಶಬ್ದದಲ್ಲಿ ಹೇಳಿ ಮುಗಿಸಬಹುದು: “ಲೀಗಲಿ, ವಿ ಆರ್ ಆನ್ ಥಿನ್ ಐಸ್.”

ಹಂತ 5: ಮೂರು ಬಳಕೆಗಳನ್ನು ಬೇರ್ಪಡಿಸಿ

ಒಂದನೆಯದು ಸಂಬಂಧದ್ದು, ಮಾತಿನಲ್ಲಿ ಬಹಳ ಸಲ ಬರುವುದು ಇದೇ. ಮೇಲಿನವರ ತಾಳ್ಮೆ ತೀರುತ್ತ ಬಂದಿದೆ, ಇನ್ನೊಂದು ತಪ್ಪಾದರೆ ಆಯಿತು. ಹಾಜರಿ 75 ಶೇಕಡಾ ಬೇಕಾದ ಕಾಲೇಜಿನಲ್ಲಿ 76ಕ್ಕೆ ಬಂದು ನಿಂತ ವಿದ್ಯಾರ್ಥಿ ಥಿನ್ ಐಸ್ ಮೇಲಿದ್ದಾನೆ. 60ಕ್ಕೆ ಇಳಿದವನ ಬರ್ಫ ಎಂದೋ ಒಡೆದಿದೆ. ಅಂಕಿಯಲ್ಲಿ ನೋಡಿದರೆ ನುಡಿಗಟ್ಟಿನ ಗಡಿ ಎಷ್ಟು ಸ್ಪಷ್ಟ ನೋಡಿ.

ಎರಡನೆಯದು ಸಾಹಸದ್ದು. ಗೊತ್ತಿದ್ದೂ ಗಂಡಾಂತರ ಮೈಮೇಲೆ ಎಳೆದುಕೊಳ್ಳುವುದು. ಅಮರಗೋಳದ ಎಪಿಎಂಸಿಯಲ್ಲಿ ದಲಾಲಿಯೊಬ್ಬ ಒಬ್ಬರ ಹಣ ಇನ್ನೊಬ್ಬರಿಗೆ ಕೊಟ್ಟು, ಮೂರನೆಯವರ ಹಣದಿಂದ ಮೊದಲನೆಯವರ ಬಾಕಿ ತೀರಿಸುತ್ತ ದಿನ ದೂಡುತ್ತಿದ್ದಾನೆ ಎನ್ನಿ. ಇಲ್ಲಿ ‘ಸ್ಕೇಟಿಂಗ್’ ಶಬ್ದಕ್ಕೆ ಪೂರ್ತಿ ಕೆಲಸ, ಏಕೆಂದರೆ ಅವನು ನಿಂತರೆ ಮುಳುಗುತ್ತಾನೆ. ಅಮೆರಿಕದ ಲೇಖಕ ಎಮರ್ಸನ್ 1841ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹೀಗೆ ಹೇಳಿದ್ದ: ತೆಳುವಾದ ಬರ್ಫದ ಮೇಲೆ ಸ್ಕೇಟ್ ಮಾಡುವಾಗ ನಮ್ಮ ರಕ್ಷಣೆ ಇರುವುದು ನಮ್ಮ ವೇಗದಲ್ಲಿ. ಅವನ ಮಾತಿನಲ್ಲಿ ವೇಗವೇ ಉಪಾಯ. ಇಂದಿನ ಬಳಕೆಯಲ್ಲಿ ವೇಗದ ಹೊಗಳಿಕೆ ಉಳಿದಿಲ್ಲ, ಎಚ್ಚರಿಕೆಯಷ್ಟೇ ಉಳಿದಿದೆ. “ಸ್ಕೇಟಿಂಗ್ ಆನ್ ಥಿನ್ ಐಸ್” ಎಂದು ಯಾರಾದರೂ ಹೇಳಿದರೆ ಜಾಣತನವನ್ನು ಮೆಚ್ಚಿದರು ಎಂದು ತಿಳಿಯಬೇಡಿ.

ಮೂರನೆಯದು ವಾದದ್ದು. ಹೇಳುವ ಮಾತಿಗೆ ಆಧಾರ ತೆಳು. ವಕೀಲರು, ಪತ್ರಕರ್ತರು, ಸಂಶೋಧನೆ ಮಾಡುವವರು ಹೆಚ್ಚು ಬಳಸುತ್ತಾರೆ. ಲಕ್ಕುಂಡಿಯ ಗುಡಿಯೊಂದರ ಕಾಲವನ್ನು ಬರೀ ಕಂಬದ ಆಕಾರ ನೋಡಿ ಹೇಳಿಬಿಟ್ಟ ಪ್ರಬಂಧದ ಪಕ್ಕದಲ್ಲಿ ಸಂಶೋಧನೆಯ ಮಾರ್ಗದರ್ಶಕರು ಹೀಗೆ ಬರೆದಾರು: “ವಿದೌಟ್ ಆ್ಯನ್ ಇನ್‌ಸ್ಕ್ರಿಪ್ಶನ್, ಯು ಆರ್ ಆನ್ ಥಿನ್ ಐಸ್ ಹಿಯರ್.” ಶಾಸನದ ಆಧಾರ ಬೇಕು ಎಂದರ್ಥ. ಪ್ರಬಂಧ ತಿರಸ್ಕರಿಸಿದರು ಎಂದಲ್ಲ.

ಮೈಗೆ ಪೆಟ್ಟಾಗುವ ಅಪಾಯಕ್ಕೆ ಈ ನುಡಿಗಟ್ಟು ಅಷ್ಟಾಗಿ ಒಗ್ಗದು. ಹೆಲ್ಮೆಟ್ ಇಲ್ಲದೆ ಬೈಪಾಸ್ ರಸ್ತೆಯಲ್ಲಿ ಬೈಕ್ ಓಡಿಸುವವನಿಗೆ “ಪ್ಲೇಯಿಂಗ್ ವಿತ್ ಫೈರ್” ಅಥವಾ ಸೀದಾ “ರಿಸ್ಕಿಂಗ್ ಹಿಸ್ ಲೈಫ್” ಎನ್ನುವುದೇ ಸರಿ. ಅದೇ ಹುಡುಗ ಎರಡು ಸಲ ದಂಡ ಕಟ್ಟಿ, ಅಪ್ಪ ಇನ್ನೊಮ್ಮೆ ಹೀಗಾದರೆ ಬೈಕಿನ ಕೀಲಿ ಕಸಿದುಕೊಳ್ಳುತ್ತೇನೆ ಎಂದಿದ್ದರೆ, ಆಗ ಅವನು ಅಪ್ಪನ ಜತೆ ಥಿನ್ ಐಸ್ ಮೇಲಿದ್ದಾನೆ. ಅಪಾಯ ರಸ್ತೆಯಿಂದ ಮನೆಗೆ ಬಂತು, ನುಡಿಗಟ್ಟು ಹೊಂದಿಕೊಂಡಿತು.

ಹಂತ 6: ಯಾರು ಯಾರಿಗೆ ಹೇಳಬಹುದು

“ಯು ಆರ್ ಆನ್ ಥಿನ್ ಐಸ್” ಎಂಬ ನೇರ ಮಾತು ಮೇಲಿನಿಂದ ಕೆಳಗೆ ಇಳಿಯುತ್ತದೆ: ಮಾಲೀಕರಿಂದ ಕೆಲಸದವನಿಗೆ, ಅಂಪೈರ್‌ನಿಂದ ಆಟಗಾರನಿಗೆ. ಮೇಲಧಿಕಾರಿಗೆ, ಪ್ರಾಂಶುಪಾಲರಿಗೆ, ಹಿರಿಯರಿಗೆ ಹಾಗೆ ಹೇಳಿದರೆ ಬೆದರಿಸಿದಂತೆ ಕೇಳುತ್ತದೆ. ಅವರ ತೀರ್ಮಾನದಲ್ಲಿ ಅಪಾಯ ಕಂಡರೆ ‘ಯು’ ತೆಗೆದು ‘ವಿ’ ಹಾಕಿ, ಮುಂದೆ ಒಂದು ‘ಮೇ’ ಸೇರಿಸಿ: “ಸರ್, ಐ ಥಿಂಕ್ ವಿ ಮೇ ಬಿ ಆನ್ ಥಿನ್ ಐಸ್ ವಿತ್ ದಿಸ್ ಟೆಂಡರ್.” ಅದೇ ಎಚ್ಚರಿಕೆ, ಆದರೆ ನೀವೂ ಅವರ ಜತೆ ಅದೇ ಬರ್ಫದ ಮೇಲೆ ನಿಂತಿರಿ. ಕನ್ನಡದಲ್ಲೂ ಹಿರಿಯರಿಗೆ “ನೀವು ತಪ್ಪು ಮಾಡಾಕತ್ತೀರಿ” ಎನ್ನದೆ “ನಮಗ ತ್ರಾಸ ಆದೀತ್ರಿ” ಎನ್ನುತ್ತೇವಲ್ಲ, ಅದೇ ಜಾಡು.

ಗೆಳೆಯರ ನಡುವೆ ಇದು ಬರೀ ಚಾಷ್ಟಿ. ಬೆಳಗಾವಿಯ ಗೆಳೆಯ ಧಾರವಾಡಕ್ಕೆ ಬಂದು, ಪೇಢಾ ಬಾಯಲ್ಲಿಟ್ಟುಕೊಂಡೇ “ಕುಂದಾದ ಮುಂದ ಇದೇನ್ ಬಿಡೋ” ಎಂದನಾದರೆ “ಕೇರ್‌ಫುಲ್, ಯು ಆರ್ ಆನ್ ಥಿನ್ ಐಸ್” ಎಂದು ನಕ್ಕರೆ ತಪ್ಪಿಲ್ಲ. ದನಿಯಲ್ಲಿ ನಗು ಇರಬೇಕು. ವಾಟ್ಸಾಪಿನಲ್ಲಿ ದನಿ ಕೇಳುವುದಿಲ್ಲವಾದ್ದರಿಂದ ಅಲ್ಲಿ ಹೊಸಬರಿಗೆ ಕಳಿಸಬೇಡಿ.

ಸರ್ಕಾರಿ ಅರ್ಜಿ, ನೋಟಿಸು, ಕರಾರುಪತ್ರಗಳಲ್ಲಿ ಇದಕ್ಕೆ ಜಾಗವಿಲ್ಲ. ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಒಂದು ಸಲ ಸಹಜವಾಗಿ ಬಂದರೆ ಒಳ್ಳೆಯದು, ಗಂಭೀರ ಪ್ರಬಂಧದಲ್ಲಿ ಸೀದಾ ‘ರಿಸ್ಕಿ’ ಎಂದು ಬರೆಯುವುದೇ ಮೇಲು.

ಹಂತ 7: ನೆರೆಯ ನುಡಿಗಟ್ಟುಗಳಿಂದ ಬಿಡಿಸಿಕೊಳ್ಳಿ

ಅತಿ ಹೆಚ್ಚು ಗೊಂದಲ ‘ಬ್ರೇಕ್ ದಿ ಐಸ್’ ಜತೆ. ಬರ್ಫ ಒಡೆದರೆ ಮುಳುಗಬೇಕಲ್ಲ ಎಂಬ ತರ್ಕದಿಂದ ಅದನ್ನೂ ಅಪಾಯದ ಪಟ್ಟಿಗೆ ಸೇರಿಸುತ್ತಾರೆ. ಅದು ಶುಭದ ಮಾತು. ಗುರುತಿಲ್ಲದವರ ನಡುವಿನ ಬಿಗುಮಾನ ಮುರಿದು ಮಾತು ಶುರುಮಾಡುವುದು. ಹೆಣ್ಣು ನೋಡಲು ಬಂದಾಗ ಚಹಾದ ಜತೆ ಯಾರೋ ಹಿರಿಯರು “ಈ ವರ್ಷ ನಿಮ್ಮ ಕಡೆ ಮಳಿ ಹೆಂಗ್ರಿ?” ಅನ್ನುತ್ತಾರಲ್ಲ, ಆಗ ಒಡೆಯುವುದು ಆ ಬರ್ಫ. ‘ಕಟ್ ನೋ ಐಸ್’ ಎಂದರೆ ಮಾತು ನಾಟಲಿಲ್ಲ, ‘ಪುಟ್ ಆನ್ ಐಸ್’ ಎಂದರೆ ಕೆಲಸ ಸದ್ಯಕ್ಕೆ ಮುಂದೂಡಿದರು. ಎರಡರಲ್ಲೂ ಅಪಾಯವಿಲ್ಲ.

ಅಪಾಯದವನ್ನು ಕಾಲದ ಸಾಲಿನಲ್ಲಿ ಜೋಡಿಸಿದರೆ ಮರೆಯುವುದಿಲ್ಲ. ಅಪಾಯ ಬರುವ ಮೊದಲು: ‘ಆನ್ ಥಿನ್ ಐಸ್’, ‘ಪ್ಲೇಯಿಂಗ್ ವಿತ್ ಫೈರ್’, ‘ಪುಶಿಂಗ್ ಯುವರ್ ಲಕ್’. ಅಪಾಯ ಬಂದಾದ ಮೇಲೆ: ‘ಇನ್ ಹಾಟ್ ವಾಟರ್’. ಒಂದರಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಬಿದ್ದರೆ: ‘ಔಟ್ ಆಫ್ ದಿ ಫ್ರೈಯಿಂಗ್ ಪ್ಯಾನ್ ಇಂಟು ದಿ ಫೈರ್’, ನಮ್ಮ ಬಾಣಲೆಯಿಂದ ಬೆಂಕಿಗೆ. ಕೂದಲೆಳೆಯಲ್ಲಿ ಪಾರಾದರೆ: ‘ಎ ಕ್ಲೋಸ್ ಶೇವ್’. ‘ವಾಕಿಂಗ್ ಆನ್ ಎಗ್‌ಶೆಲ್ಸ್’ ಮಾತ್ರ ಬೇರೆ ಜಾತಿ. ಸಿಟ್ಟಿನ ಮನುಷ್ಯನ ಮುಂದೆ ಮೆಲ್ಲಗೆ, ತೂಕ ಮಾಡಿ ಮಾತಾಡುವುದು. ಎಗ್‌ಶೆಲ್ ಮೇಲೆ ನಡೆಯುವವನು ಹುಷಾರಾಗಿದ್ದಾನೆ, ಥಿನ್ ಐಸ್ ಮೇಲಿರುವವನಿಗೆ ಅದೇ ಇಲ್ಲ.

ಹಂತ 8: ಕನ್ನಡಕ್ಕೆ ತರುವಾಗ

“ತೆಳುವಾದ ಮಂಜುಗಡ್ಡೆಯ ಮೇಲೆ ಜಾರುತ್ತಿರುವ ಸರ್ಕಾರ” ಎಂದು ಅನುವಾದಿಸಿದರೆ ಓದುಗ ಹಿಮಾಲಯದ ಸುದ್ದಿ ಎಂದುಕೊಂಡಾನು. ಒಂದೇ ಕನ್ನಡ ನುಡಿಗಟ್ಟನ್ನು ಎಲ್ಲ ಕಡೆ ತುರುಕುವುದೂ ಆಗದು. ಇಲ್ಲಿಯೂ ಮೂರು ಬಳಕೆಯ ವಿಂಗಡಣೆಯೇ ದಾರಿ.

ಸಂಬಂಧದ್ದಾದರೆ ತಾಳ್ಮೆಯ ಮಾತು ತನ್ನಿ: ‘ಸಾಹೇಬರ ತಾಳ್ಮೆ ತೀರುತ್ತ ಬಂದಿದೆ’, ‘ಇದೇ ಕೊನೆಯ ಅವಕಾಶ’. ಕತೆ, ನಾಟಕದ ಸಂಭಾಷಣೆಯಲ್ಲಿ ಹುಬ್ಬಳ್ಳಿಯ ಮಾಲೀಕ ಇದನ್ನೇ ಹೀಗೆ ಅನ್ನುತ್ತಾನೆ: “ನೋಡ ತಮ್ಮಾ, ಎರಡ ಸಲ ಸುಮ್ಮನಾಗೇನಿ. ಇನ್ನೊಂದ ಸಲ ಹಿಂಗಾತಂದ್ರ ನಿನ್ನ ದಾರಿ ನಿನಗ, ನನ್ನ ದಾರಿ ನನಗ.” ಬರ್ಫದ ಹೆಸರಿಲ್ಲ, ಅದರ ದಪ್ಪ ಪೂರ್ತಿ ಬಂದಿದೆ.

ಸಾಹಸದ್ದಾದರೆ ‘ಬೆಂಕಿಯ ಜತೆ ಸರಸ’ ಮೊದಲು ನಾಲಿಗೆಗೆ ಬರುತ್ತದೆ. ತಡೆಯಿರಿ, ಅದು ‘ಪ್ಲೇಯಿಂಗ್ ವಿತ್ ಫೈರ್’ನ ಜೋಡಿ. ‘ಹುತ್ತಕ್ಕೆ ಕೈ ಹಾಕುವುದು’, ‘ಮಲಗಿದ ಹುಲಿಯನ್ನು ಎಬ್ಬಿಸುವುದು’ ಕೂಡ ಎದುರಾಳಿ ಇರುವ ಅಪಾಯಗಳು. ‘ತೂಗುಗತ್ತಿ’ಯ ಅಪಾಯ ಮೇಲಿನದು, ನೀವು ಅಲುಗದೆ ಕೂತರೂ ಅದು ತೂಗುತ್ತಲೇ ಇರುತ್ತದೆ. ‘ಕತ್ತಿಯ ಅಲಗಿನ ಮೇಲಿನ ನಡಿಗೆ’ ಸ್ವಲ್ಪ ಹತ್ತಿರ, ಆದರೆ ಅದರಲ್ಲಿ ನಡೆಯುವವನ ನೇಮ, ಎಚ್ಚರಕ್ಕೆ ಗೌರವವಿದೆ. ನಮಗೆ ಬೇಕಾದದ್ದು ಆಧಾರವೇ ಕುಸಿಯುವ ಮಾತು: ‘ಕಾಲ ಕೆಳಗಿನ ನೆಲ ಸಡಿಲವಾಗುತ್ತಿದೆ’, ‘ಯಾವಾಗ ಕುಸಿದೀತೋ ಹೇಳಲಾಗದು’. ಹಳ್ಳಿಯ ಓದುಗರಿಗಾದರೆ ‘ಹದ ನೋಡದೆ ಹೊಲಕ್ಕಿಳಿದ’ ಎಂದು ಬರೆದರೂ ಅರ್ಥ ತಪ್ಪುವುದಿಲ್ಲ.

ವಾದದ್ದು ಎಲ್ಲಕ್ಕಿಂತ ಸುಲಭ: ‘ಬುಡ ಗಟ್ಟಿಯಿಲ್ಲದ ವಾದ’, ‘ಕಾನೂನಿನ ಆಧಾರ ತೆಳುವಾಗಿದೆ’. ‘ತೆಳು’ ಶಬ್ದ ಎರಡೂ ಭಾಷೆಯಲ್ಲಿ ಒಂದೇ ಕೆಲಸ ಮಾಡುವ ಜಾಗ ಇದೊಂದೇ.

1894ರಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ ಶಬ್ದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ ಆ ಶಬ್ದ ಬರುವ ಗಾದೆಗಳನ್ನೂ ಕೊಡುತ್ತ ಹೋಗುವುದು ಕಾಣುತ್ತದೆ. ನಿಮ್ಮ ವಹಿಯಲ್ಲೂ ಹಾಗೇ ಮಾಡಿ. ‘ಥಿನ್ ಐಸ್ = ಅಪಾಯ’ ಎಂದು ಬರೆಯಬೇಡಿ. ಒಂದು ಪುಟದಲ್ಲಿ ಮೂರು ಬಳಕೆಗೆ ಮೂರು ವಾಕ್ಯ, ಎದುರಿಗೆ ಅವುಗಳ ಕನ್ನಡ.

ಹಂತ 9: ಬಾಯಿಗೆ ಕೂರಿಸಿಕೊಳ್ಳಿ

‘ಥಿನ್’ ಅನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಅಂಚಿಗೆ ಮೆಲ್ಲಗೆ ತಾಗಿ ಗಾಳಿ ಸೋರಬೇಕು. ನಮ್ಮ ‘ಥ’ ಒತ್ತಿ ಬಿಡುವ ಅಕ್ಷರ, ಇಲ್ಲಿ ಒತ್ತಬಾರದು. ‘ಟಿನ್’ ಆದರೆ ಡಬ್ಬಿಯಾಗುತ್ತದೆ. ‘ಐಸ್’ ಕೊನೆಯ ‘ಸ್’ ಹಾವಿನ ಬುಸುಗುಟ್ಟುವಿಕೆಯಂತೆ ಚೂಪಾಗಿರಲಿ. ‘ಐಝ್’ ಎಂದರೆ ಕಣ್ಣುಗಳು. ಎರಡೂ ಶಬ್ದ ಕೂಡಿ ‘ಥಿನೈಸ್’ ಎಂದು ಒಂದೇ ಉಸಿರಿನಲ್ಲಿ ಬರಬೇಕು.

ಹಂತ 10: ಪರೀಕ್ಷೆಯಲ್ಲಿ

ಧಾರವಾಡದ ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಓದುವವರಿಗೆ ಒಂದು ಮಾತು. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ನುಡಿಗಟ್ಟಿಗೆ ನಾಲ್ಕು ಆಯ್ಕೆ ಕೊಟ್ಟರೆ, ಅದರಲ್ಲಿ ಅಕ್ಷರಶಃ ಅರ್ಥ ಹೇಳುವ ಒಂದು ಬಲೆ ಇರುವುದುಂಟು: ‘ತಣ್ಣಗಿನ ಜಾಗದಲ್ಲಿರುವುದು’. ಮೊದಲು ಅದನ್ನು ಹೊಡೆದುಹಾಕಿ. ಅಪಾಯ ಮುಗಿದದ್ದನ್ನು ಹೇಳುವ ಆಯ್ಕೆಯನ್ನೂ ತೆಗೆಯಿರಿ. ಉಳಿದ ಎರಡರಲ್ಲಿ ‘ರಿಸ್ಕ್’ ಅಥವಾ ‘ಪ್ರಿಕೇರಿಯಸ್’ (ಅಭದ್ರ) ಎಂಬ ಶಬ್ದ ಕಂಡದ್ದೇ ಸಾಮಾನ್ಯವಾಗಿ ಉತ್ತರ.

ಕೊನೆಗೆ ಐದು ವಾಕ್ಯ

ಕೆಳಗಿನವುಗಳಲ್ಲಿ ‘ಆನ್ ಥಿನ್ ಐಸ್’ ಎಲ್ಲಿ ಸಲ್ಲುತ್ತದೆ ಎಂದು ಮೂರು ಪ್ರಶ್ನೆ ಹಚ್ಚಿ ನೋಡಿ.

ಗದಗಿನ ಮುದ್ರಣಾಲಯದ ಕೆಲಸಗಾರ ಈ ತಿಂಗಳಲ್ಲಿ ಮೂರನೆಯ ಸಲ ತಪ್ಪು ಪುಟ ಅಚ್ಚು ಹಾಕಿದ, ಮಾಲೀಕರು ಮುಖ ಗಂಟಿಕ್ಕಿಕೊಂಡು ಸುಮ್ಮನಿದ್ದಾರೆ. ಸಲ್ಲುತ್ತದೆ, ‘ವಿತ್ ದಿ ಓನರ್’ ಸೇರಿಸಿ.

ಹಾವೇರಿಯ ಬಸ್ ತಪ್ಪಿಸಿಕೊಂಡವನು ಇಂಟರ್‌ವ್ಯೂಗೆ ತಡವಾಗಿ ಹೋದ, ಒಳಗೆ ಬಿಡಲಿಲ್ಲ. ಸಲ್ಲದು, ಆಗಬೇಕಾದ್ದು ಆಗಿಹೋಗಿದೆ.

ಖಾತೆ ಬದಲಾವಣೆ ಆಗುವ ಮೊದಲೇ ಪ್ಲಾಟಿನ ಮೇಲೆ ಮನೆಯ ಬುನಾದಿ ತೋಡಿಸಿದರು. ಚೆನ್ನಾಗಿ ಸಲ್ಲುತ್ತದೆ, ಇದು ಸಾಹಸದ ಬಳಕೆ, ವಾಕ್ಯದ ತಲೆಯಲ್ಲಿ ‘ಲೀಗಲಿ’ ಹಾಕಿದರೆ ಇನ್ನೂ ಬಿಗಿ.

ವರದಾ ನದಿಗೆ ಪ್ರವಾಹ ಬಂದು ದಂಡೆಯ ಊರಿನವರು ಅಪಾಯದಲ್ಲಿದ್ದಾರೆ. ಸಲ್ಲದು. ಜೀವಾಪಾಯದಲ್ಲಿರುವವರಿಗೆ ಇದನ್ನು ಹಚ್ಚಿದರೆ ಅವರೇ ಮಾಡಿಕೊಂಡದ್ದು ಎಂಬ ಧ್ವನಿ ಬರುತ್ತದೆ. ‘ಇನ್ ಡೇಂಜರ್’ ಸಾಕು.

ಸೊಸೈಟಿಯ ಸಾಲದ ಎರಡು ಕಂತು ಬಾಕಿ ಇಟ್ಟವನು ಮೂರನೆಯ ಕಂತಿನ ದಿನ ಕಾರ್ಯದರ್ಶಿಯ ಎದುರಿಗೇ ಹೊಸ ಬುಲೆಟ್ ಬೈಕ್ ಮೇಲೆ ಬಂದಿಳಿದ. ಸಲ್ಲುತ್ತದೆ, ಮತ್ತು ಇಲ್ಲಿ ‘ಈಸ್’ ಬೇಡ, ‘ಸ್ಕೇಟಿಂಗ್’ ಬೇಕು.